ಖರಜ

ಜಯಶೀಲ ಕಿಸೆಯಿಂದ ತೆಗೆದು ಕೊಟ್ಟ:
ಕೆಂಪು ಪ್ಲಾಸ್ಟಿಕ್ಕಿನ ಪಿಕ್ಕು,
ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು.
"ಬೆರಳಿಂದ ಬಾರಿಸಿದ್ರ ಹಿಂದಿನ ಬೆಂಚಿಗೆ ಮುಟ್ಟೂದಿಲ್ಲ, ಸುವಾರ್ತಾ.
ಯಾರೋ ಮಾಳಿಗಿ ಮ್ಯಾಲ ಗೋಣಿಚೀಲ ಎಳದಂಗ ಕೇಳಸ್ತದ."

ನನಗೇನೂ ಸಿಟ್ಟು ಬರಲಿಲ್ಲ.
ಗೋಣಿಚೀಲ ಎಳೆಯೂ ಸದ್ದು ನನಗ ಸೇರತದ.

ಪಿಕ್ಕು ಹಿಡಿದು ಬಾರಿಸಿದೆ.
ಸ್ವರಕ್ಕೆ ಅಂಚು ಬಂತು,
ಹೊಸ ಸ್ಟೀಲ್ ಗಂಗಾಳಕ್ಕ ಇರ್ತದಲ್ಲ, ಹಂಗ.
ಟಕ್ ಅಂತ ಶುರು, ಟಕ್ ಅಂತ ಮುಗಿತಾಯ.
ಡ್ರಮ್ಮಿನ ಹುಡುಗ ನಕ್ಕು ತಲೆ ಆಡಿಸಿದ.
ಸುಳ್ಳು ಯಾಕ ಹೇಳಲಿ, ನನಗೂ ಹಿಡಿಸಿತು.
ಒಂದು ವಾರ ಏಪ್ರನ್ನಿನ ಕಿಸೆಯೊಳಗ
ಥರ್ಮಾಮೀಟರಿನ ಜೋಡಿ ಇಟಗೊಂಡು ತಿರುಗಿದೆ.

ಮೂರನೇ ಮನಿ ಒತ್ತಿದರ ತಂತಿ ಜುಂಯ್ ಅನ್ನಾಕ ಹತ್ತಿತ್ತು.
ರಿಕ್ಷಾದಾಗ ಹಾಕ್ಕೊಂಡು ಸತಾರ ಮಾಡುವವರ ಗಲ್ಲಿಗೆ ಹೋದೆ.
ಮಿರಜಿನಾಗ ಬ್ಯಾರೆ ಯಾರ ಹತ್ರ ಹೋಗಬೇಕು?
ದಸ್ತಗೀರ ಚಾಚಾನ ಅಂಗಡಿ, ಮಾಡಿನಿಂದ ಇಳಿಬಿದ್ದ ಕಹಿಗುಂಬಳ,
ಅರ್ಧ ಕೊರೆದವು, ಇನ್ನೂ ಬೀಜದ ನಾತ ಹೋಗದವು.
ದಪ್ಪ ತಂತಿ ಮುಟ್ಟಿ ನೋಡಿ, "ಇದರಿಂದ ಎತ್ತು ಕಟ್ಟಬಹುದಲ್ಲ" ಅಂದ.
ಬೆರಳಿನ ಮಾಂಸದಿಂದ ಒಮ್ಮೆ ಮೀಟಿದ.
ಆಮೇಲ ಮಿಜರಾಬು ಸಿಗಿಸಿಕೊಂಡು ಒಮ್ಮೆ.
ಕಿವಿ ಕಟ್ಟಿಗಿಗೆ ಹಚ್ಚಿ ಕೇಳಿದ:
"ಇದು ಯಾರ ಹಿಂದ ಕೂಡತದ?"
ಎಲ್ಲಾರ ಹಿಂದ, ಅಂದೆ.
"ಹಂಗಾರ ತಂಬೂರಿ ಜಾತಿ. ತಂಬೂರಿಗೆ ಯಾವತ್ತೂ ನಖಿ ಹಚ್ಚಬಾರದು."

ಚಂದ ಮಾತು. ಆದ್ರ ತಂಬೂರಿ
ಒಂದ ಮಾತು ರಾತ್ರಿಯೆಲ್ಲ ಹೇಳ್ಕೋತ ಕೂಡಬಹುದು.
ನಾನು ಎರಡನೇ ಸಾಲಿಗೇ ಮನಿ ಬದಲಿಸಿ
ಓಡಬೇಕಾಗತದ, ಗಾಯಕರು ತಿರುಗಿ ನೋಡೂದರೊಳಗ.
ಇದನ್ನ ಅಂವಗ ಹೇಳಲಿಲ್ಲ.
ಅರವತ್ತು ರೂಪಾಯಿ ಕೊಟ್ಟು ಬಂದೆ.

ಬಂದು, ಮತ್ತ ಬೆರಳಿಗೇ ಹತ್ತಿದೆ. ಕ್ರಿಸ್ಮಸ್ಸಿಗೆ ಹದಿನೆಂಟು ದಿನ.
ಮೊದಲು ಗುಳ್ಳಿ. ಗುಳ್ಳಿ ಒಡೆದು ಉರಿ,
ಅದಕ್ಕ ಸ್ಪಿರಿಟ್ ತಾಗಿದರ ಹಗಲೇ ನಕ್ಷತ್ರ.
ಆಮೇಲ ಜಡ್ಡು.
ನಮ್ಮ ಕಡೆ ಬ್ಯಾನಿಗೂ ಅದ ಹೆಸರು.

ಗುರುವಾರ ರಾತ್ರಿ, ಗಂಡಸರ ವಾರ್ಡು.
ಉಮದಿಯ ಸಾಯಬಣ್ಣಗ ಮರಾಠಿ ಬರೂದಿಲ್ಲ,
ಅಂವ ಕೆಮ್ಮಿದರೂ ನನ್ನನ್ನ ಕರೀತಾರ.
ಮಣಿಕಟ್ಟಿನ ಮ್ಯಾಲ ಎರಡು ಬೆರಳಿಟ್ಟೆ.
ಏನಿಲ್ಲ.
ತುಸು ಒತ್ತಿದೆ, ತುಸು ಸರಿಸಿದೆ.
ಏನಿಲ್ಲ.
ಅಂವ ಕಣ್ಣು ಬಿಟಗೊಂಡು ನನ್ನ ಮಾರಿ ನೋಡ್ತಿದ್ದ:
"ಐತೇನವ್ವಾ?"

ಉಂಗುರ ಬೆರಳು ಇಟ್ಟ ಕೂಡಲೇ ಸಿಕ್ಕಿತು.
ಎಪ್ಪತ್ತೆರಡು, ಏರು ಹತ್ತೂ ಎತ್ತಿನಂಗ, ಅವಸರ ಇಲ್ಲದ.
ಅದು ಅಲ್ಲೇ ಇತ್ತು.
ಇರದಿದ್ದದ್ದು ನನ್ನ ಬೆರಳತುದಿ.
"ಐತೋ ಯಪ್ಪಾ" ಅಂದು ಚಾರ್ಟಿನ ಮ್ಯಾಲ ಬರೆದೆ.
ಅಕ್ಷರ ಸೊಟ್ಟ ಬಿದ್ದವು.

ಡ್ಯೂಟಿ ಕೋಣೆಯಾಗ ಬಿಸಿನೀರಿನ ಬೋಗುಣಿ,
ಅದರೊಳಗ ನನ್ನ ಎರಡು ಬೆರಳು.
ಜಂಕ್ಷನ್ನಿನಾಗ ಯಾವುದೋ ಗೂಡ್ಸು ಡಬ್ಬಿ ಜೋಡಿಸಿಕೋತಿತ್ತು,
ಧಡಲ್ ಧಡಲ್, ಹಿಂದಿಂದ ಮುಂದಕ್ಕ.
ಟ್ರೇನಿಂಗಿನಾಗ ಪ್ರಮೋದಿನಿ ಸಿಸ್ಟರು ಸ್ಕೇಲು ಹಿಡಿದು ನಿಲ್ಲತಿದ್ರು:
ಹೆಬ್ಬೆರಳು ಎತ್ತು! ಅದರಿಂದ ನೋಡಬ್ಯಾಡ!
ಅದಕ್ಕ ತನ್ನದ ನಾಡಿ ಇರ್ತದ.
ರೋಗಿ ಸತ್ತು ತಾಸಾದರೂ ನಿನಗ ಎಪ್ಪತ್ತು ಅಂತದ.

ಶನಿವಾರ ಪ್ರಾಕ್ಟೀಸು.
ಲಗುಬಗಿ ಹಾಡಿಗೆ ಪಿಕ್ಕು ಹಿಡಿದೆ, ಅದರ ಗಮ್ಮತ್ತು ಬ್ಯಾರೆ,
ಜಯಶೀಲನ ಮಾರಿ ಅರಳಿತು.
ಮೂರನೇದು ಸಾವಕಾಶದ ಹಾಡು.
ಪಿಕ್ಕು ಕಿಸೆಗೆ ಹಾಕಿ
ಖರಜದ ತಂತಿ ಮ್ಯಾಲ ಹೆಬ್ಬೆರಳು ಇಟ್ಟೆ,
ವಾರ್ಡಿನಾಗ ಕೆಲಸಕ್ಕ ಬಾರದ ಬೆರಳು.

ಸದ್ದು ದುಂಡಗ ಬಂತು, ಒಂದು ಕೂದಲೆಳೆ ತಡ.
ಜಯಶೀಲ ಹಾಡು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.
ಕಟ್ಟಕಡೀ ಬೆಂಚಿನ ಹತ್ರ ಕಸ ಹೊಡೀತಿದ್ದ ಎಸ್ತೇರವ್ವ
ಕಸಬರಿಗಿ ಬಗಲಾಗ ಇಟಗೊಂಡು
ಬೆಂಚಿನ ಹಲಗಿ ಮ್ಯಾಲ ಅಂಗೈ ಊರಿದಳು,
ಹಾಲು ಉಗುರು ಬೆಚ್ಚಗಾಗ್ಯದೋ ಇಲ್ಲೋ ನೋಡೂವಂಗ.
ಹಂಗ ನಿಂತಳು ಒಂದು ಚರಣ ಮುಗಿಯೂತನಕ.
ಆಮೇಲ ಬೆಂಚಿನ ಕೆಳಗ ಬಗ್ಗಿ
ಗುಡಿಸಾಕ ಹತ್ತಿದಳು.