ಅಂಜಾಂಪನಿ

ಡಾಕ್ಟರು ತಾಯಿಗೆ ಹೇಳಿದ್ದು: ಅಂಜಾಂಪನಿ.
ಪುತ್ತೂರಿಂದ ಕಾಸರಗೋಡಿಗೆ ಬಂದು ವರ್ಷವಾದರೂ
ನನ್ನ ಕನ್ನಡದ ಕಿವಿಗೆ ಕೇಳಿದ್ದು
ಅಂಜಿಕೆಯ ಹನಿ.

ಲಿಸ್ಸಮ್ಮ ಸಿಸ್ಟರಿಗೆ ನಗು ತಡೆಯಲಿಲ್ಲ.
"ಐದನೇ ಜ್ವರ ಮಾರಾಯ್ತಿ, ನಿಮ್ಮ ದಡಾರ!"
ನಗಲಿಕ್ಕೆಂದೇ ಮಾಸ್ಕು ಗದ್ದಕ್ಕಿಳಿಸಿದರು.
ಮಗು ಕೆಮ್ಮಿತು.
ಅದನ್ನು ಎತ್ತಿಕೊಂಡು ಹೋದ ಮೇಲೂ
ಓಪಿಯ ಫ್ಯಾನು ತಿರುಗುತ್ತಲೇ ಇತ್ತು.

ಎರಡು ವಾರಕ್ಕೆ ಲಿಸ್ಸಮ್ಮನ ಕಿವಿಯ ಹಿಂದೆ ಕೆಂಪು.
ಎಕ್ಸ್‌ರೇ ಕೋಣೆಯ ಮೊಯ್ದುವಿಗೆ ಮರುದಿನ.
ಕಾಲು ಮುರಿದು ಬಂದಿದ್ದ ಕುಂಬಳೆಯ ಹುಡುಗಿ
ಪ್ಲಾಸ್ಟರಿನೊಳಗೆ ಸ್ಕೇಲು ತೂರಿಸಿ
ಕೆರೆದುಕೊಳ್ಳುತ್ತಾಳೆ.

ಆಫೀಸಿನವರು ಪಟ್ಟಿ ಹಿಡಿದು ಬಂದರು:
ಚುಚ್ಚಿಸಿಕೊಂಡಿದ್ದೀರಾ?

ಅಮ್ಮನಿಗೆ ಫೋನು ಮಾಡಿದೆ.
ಆ ಕಡೆ ಕುಕ್ಕರು ಕೂಗಿತು, ಮತ್ತೆ ಅಮ್ಮ:
"ನಿಂಗೋ, ಅಕ್ಕನಿಗೋ...
ಒಬ್ಬಳು ತುಂಬ ಅತ್ತದ್ದು ನೆನಪುಂಟು."