ಮೂರು ನೀರು

ಹಿಮ ಕಚ್ಚುವ ತನಕ ಕೊಯ್ಯಬೇಡ, ಅನ್ನುತ್ತಾಳೆ ಅತ್ತೆ ವರ್ಡೆಲ್.
ಚಳಿಯ ಹಲ್ಲು ತಾಗದ ಕಾಲರ್ಡ್ ಸೊಪ್ಪು
ಮುನಿಸಿಕೊಂಡ ನೆಂಟನ ಹಾಗೆ,
ತಟ್ಟೆಯಲ್ಲಿ ಕೂತಿರುತ್ತದೆ, ಅಷ್ಟೆ.

ವರ್ಷದ ಕೊನೆಯ ರಾತ್ರಿ ಕಚ್ಚಿತು.
ಬೆಳಗಾಗೆದ್ದು ನೋಡಿದರೆ ಜಾರ್ಜಿಯಾದ ಕೆಮ್ಮಣ್ಣಿನ ಮೇಲೆ
ಯಾರೋ ಉಪ್ಪು ಚೆಲ್ಲಿ ಹೋದ ಹಾಗೆ.
ಮಾವನ ಕೋಟು ತೊಟ್ಟು ಅವಳು ಸಾಲಿಗಿಳಿದಳು,
ಟೋಪಿಯಗಲದ ಎಲೆಗಳನ್ನು ದೇಟಿನ ಬುಡಕ್ಕೆ ಮುರಿದು
ದಿಂಬಿನ ಚೀಲಕ್ಕೆ ತುರುಕಿದಳು.
ಕೋಟಿನ ತೋಳು ಅವಳ ಬೆರಳನ್ನೂ ನುಂಗಿತ್ತು.

ಹೋದ ವರ್ಷ ಇದೇ ದಿನ, ಜನವರಿ ಒಂದು,
ನಾನು ಅಂಗಿ ಒಗೆದಿದ್ದೆ.
ಒಂದೇ ಒಂದು, ಮಾವ ಹೋಸಿಯಾನ ಭಾನುವಾರದ ಬಿಳಿ ಅಂಗಿ.
ಸೊಪ್ಪು ಬಸಿದ ಕಟ್ಟನ್ನು ಬಡಿಸಲು ಹೋಗಿ
ನಾನೇ ಅದರ ಮೇಲೆ ಚೆಲ್ಲಿದ್ದೆ.
ಒಹಾಯೊದವಳು, ಮದುವೆಯಾಗಿ ಎಂಟು ತಿಂಗಳು,
ನನಗೇನು ಗೊತ್ತು
ಹೊಸ ವರ್ಷದ ದಿನ ಬಟ್ಟೆ ಒಗೆದರೆ
ಮನೆಯವರೊಬ್ಬರನ್ನು ನೀರಿಗೆ ಬಿಟ್ಟಂತೆ ಎಂದು?
ಅವನಿಗೆ ಗೊತ್ತಿತ್ತು.
ಬನಿಯನ್ನಿನಲ್ಲಿ ತೋಳು ಕಟ್ಟಿ ನಿಂತು, ನೊರೆ ಏರುವುದನ್ನು ನೋಡುತ್ತ,
'ಚೆನ್ನಾಗಿ ತಿಕ್ಕು ಮಗಳೇ' ಅಂದ.

ಮಾರ್ಚಿನಲ್ಲಿ ಆಸ್ಪತ್ರೆಗೆ ಹೊರಟಾಗ
ಕಾರಿನ ಕಿಟಕಿ ಇಳಿಸಿ ಹೇಳಿದ,
'ದೇವರು ಬಗೆದರೆ, ಹಳ್ಳ ಉಕ್ಕದಿದ್ದರೆ,
ಭಾನುವಾರ ಊಟಕ್ಕೆ ಬರ್ತೀನಿ.'
ಆ ಮಾರ್ಚಿನಲ್ಲಿ ಹಳ್ಳದಲ್ಲಿ
ನಾಯಿ ನೆಕ್ಕುವಷ್ಟೂ ನೀರಿರಲಿಲ್ಲ.

ಒಗೆದದ್ದು ಒಂದು ಅಂಗಿ,
ಒಗೆತನದ ತುಂಬ ಅದರ ನೀರು.
ಗಂಡ ಲಿಂಡನ್ ಏನೂ ಅನ್ನಲಿಲ್ಲ. ಅತ್ತೆಯೂ.
ಚರ್ಚಿನ ಯೂಲೇಲಿ ಮಾತ್ರ ಕೈಗವಸಿನ ಕೈಯಿಂದ ನನ್ನ ಗಲ್ಲ ಸವರಿ
'ದೇವರು ನಿನ್ನ ಹೃದಯವನ್ನು ಹರಸಲಿ' ಅಂದಳು.
ಥ್ಯಾಂಕ್ಸ್ ಹೇಳಿಬಿಟ್ಟೆ.
ಈ ಕಡೆ ಆ ಹರಕೆ ಪೆದ್ದರಿಗೆ ಮೀಸಲು ಎಂದು
ತಿಳಿಯುವ ಹೊತ್ತಿಗೆ ಬೇಸಿಗೆ ಬಂದಿತ್ತು.

ಈಗ ಮತ್ತೆ ಅಡುಗೆಮನೆ ತುಂಬ ಜನ.
ಹೊಗೆ ಹಿಡಿಸಿದ ಹಂದಿಕಾಲು ಕುದಿಯುತ್ತಿದೆ,
ಅಲಸಂದೆ ಒಂದೊಂದೇ ಸಿಪ್ಪೆ ಬಿಡುತ್ತಿದೆ.
ಸೊಪ್ಪು ತಿಂದಷ್ಟು ನೋಟು, ಕಾಳು ತಿಂದಷ್ಟು ಚಿಲ್ಲರೆ,
ಎಪ್ಪತ್ತು ವರ್ಷ ತಿಂದೂ ಈ ಮನೆಯ ಟ್ರ್ಯಾಕ್ಟರ್ ಸಾಲದ್ದೇ.
ಮೈದುನ ಕ್ಲೀಟಸ್ ದಿಂಬಿನ ಚೀಲ ಎತ್ತಿ ಹೇಳಿದ,
'ವಾಷಿಂಗ್ ಮೆಷಿನ್ನಿಗೆ ಹಾಕಿಬಿಡೋಣ.
ನನ್ನ ಹೆಂಡತಿ ತವರಲ್ಲಿ ಹಾಗೇ, ಸೋಪಿಲ್ಲದೆ, ಎರಡು ಸುತ್ತು.'

ಸೌಟು ನಿಂತಿತು.
ಯಾರೂ ನನ್ನತ್ತ ನೋಡದಿರಲು
ಎಷ್ಟೊಂದು ಕಷ್ಟಪಟ್ಟರು.

ವರ್ಡೆಲ್ ಚೀಲ ಕಿತ್ತುಕೊಂಡಳು.
'ಮಾರ್ನಿ, ತೋಳು ಮಡಚು.'

ಮೊದಲ ನೀರು ಇಟ್ಟಿಗೆ ಬಣ್ಣ.
ಎರಡನೆಯದರಲ್ಲಿ ಮರಳು, ಒಂದು ಹುಳು, ಒಣಹುಲ್ಲಿನ ಕಡ್ಡಿ.
ನನ್ನ ಕೈ ಮರಗಟ್ಟಿತ್ತು, ಪಕ್ಕದಲ್ಲಿ ಅವಳ ಕೈ,
ಎಲೆಯಡಿ ಯಾವುದು ಯಾರದೆಂದು ತಿಳಿಯದೆ
ಒಮ್ಮೆ ಅವಳ ಉಂಗುರವನ್ನೇ ಉಜ್ಜಿದೆ.
'ಸೊಪ್ಪಿಗೆ ಆ ಶಾಸ್ತ್ರ ಇಲ್ಲ' ಅಂದಳು, ನಲ್ಲಿಗೆ ಹೇಳುವಂತೆ.
ಆಮೇಲೆ, ಮೂರನೆಯ ನೀರು ತುಂಬುತ್ತಿದ್ದಾಗ,
'ಎಂಬತ್ತೆರಡು ಆಗಿತ್ತು ಅವನಿಗೆ.
ಕೊಳೆ ಅಂಗಿಯಲ್ಲಿ ಊಟಕ್ಕೆ ಕೂತವನಲ್ಲ ಯಾವತ್ತೂ.'

ತೊಟ್ಟಿಯ ತಳ ಕಂಡಿತು.

ಉಂಡೆವು, ಉಣ್ಣಿಯಂತೆ ಉಬ್ಬಿದೆವು,
ಕ್ಲೀಟಸ್ ಬೆಲ್ಟು ಸಡಿಲಿಸಿ ಬೈಸಿಕೊಂಡ.
ಮೆಕ್ಕೆಜೋಳದ ಬ್ರೆಡ್ಡನ್ನು ಕಟ್ಟಿನಲ್ಲಿ ಅದ್ದಿ
ಬಾಯಿಗೊಯ್ಯುವಾಗ ತುಂಡು ಮುರಿದು
ನನ್ನ ಅಂಗಿಯ ಮೇಲೆ ಬಿತ್ತು,
ಹಸಿರು ಕಲೆ, ಎದೆಗೆ ಸರಿಯಾಗಿ.
ಎದ್ದೆ.

'ಕೂತ್ಕೋ' ಅಂದಳು ವರ್ಡೆಲ್, ಇನ್ನೊಂದು ಸೌಟು ಸುರಿಯುತ್ತ.
'ನಾಳೆ ಎರಡನೇ ತಾರೀಖು.'