ಚರ್ಚಿಸಲಾಯಿತು

ಸಭೆ ಎರಡು ಗಂಟೆಗೆ. ಎರಡೂ ಇಪ್ಪತ್ತಕ್ಕೆ ಕರೆಂಟು ಹೋಯಿತು.
ಕತ್ತು ಹೊರಳಿಸುತ್ತಿದ್ದ ಗೋಡೆಯ ಫ್ಯಾನು
ನೆಸ್ತೋರಿಯೊನ ಕಡೆ ಮುಖ ಮಾಡಿ ನಿಂತುಬಿಟ್ಟಿತು,
ಉತ್ತರ ಅವನೇ ಹೇಳಲಿ ಎಂಬಂತೆ.
"ನೋಡಿದಿರಾ," ಎಂದ ಕಂಪನಿಯ ಹುಡುಗ,
"ಸ್ಥಾವರ ಬೇಕಿರೋದು ಇದಕ್ಕೇ."
ಎಲ್ಲರೂ ನಕ್ಕರು. ನಾನೂ ನಕ್ಕೆ.
ನಗುವನ್ನು ನಡಾವಳಿಯಲ್ಲಿ ಬರೆಯುವ ಪದ್ಧತಿಯಿಲ್ಲ.

ನಾನು ಮಲಿಂಬೋಗ್ ಗ್ರಾಮಸಭೆಯ ಕಾರ್ಯದರ್ಶಿ.
ಹನ್ನೊಂದು ವರ್ಷದಿಂದ ಈ ದ್ವೀಪದ ಮಾತನ್ನೆಲ್ಲ
ಬರೆದಿಟ್ಟಿದ್ದೇನೆ: ನಾಯಿ ಕಚ್ಚಿದ್ದು, ಬೇಲಿ ಸರಿದದ್ದು,
ಕೊಲ್ಲಿಯ ಬಾಯಲ್ಲಿ ಯಾರ ಲಂಗರು ಯಾರ ಬಲೆ ಹರಿದದ್ದು.
ನಡಾವಳಿಯ ಭಾಷೆ ಕಲಿಯುವುದು ಸುಲಭ.
ಕರ್ತೃವನ್ನು ಕಿತ್ತುಹಾಕಿ, ಕ್ರಿಯಾಪದದ ಬಾಲಕ್ಕೆ
ಒಂದು 'ಲಾಯಿತು' ಕಟ್ಟಿದರೆ ಮುಗಿಯಿತು.
ಮಂಡಿಸಲಾಯಿತು. ಗಮನಿಸಲಾಯಿತು. ಚರ್ಚಿಸಲಾಯಿತು.
ಯಾರೂ ಮಾಡಿದ್ದಲ್ಲ; ಉಬ್ಬರ ಇಳಿದ ಹಾಗೆ, ತಾನಾಗಿ ಆದದ್ದು.

ಅವತ್ತು ಆದದ್ದು ಇಷ್ಟು.
ಲೋಲಾ ತ್ರಿನಿಂಗ್ ಎದ್ದು ನಿಂತಳು, ಎಂಬತ್ತರ ಮುದುಕಿ,
ಕೈಗೆ ಒಣಮೀನಿನ ಉಪ್ಪು ಇನ್ನೂ ಅಂಟಿತ್ತು.
"ಕಲ್ಲಿದ್ದಲ ಬೂದಿ ಎಲ್ಲಿಗೆ ಹೋಗುತ್ತೆ, ಮಗಾ?"
ಹುಡುಗ ಪರದೆಯತ್ತ ಬೆರಳು ಮಾಡಿದ.
ಕರೆಂಟಿಲ್ಲ; ಪರದೆ ಬರೀ ಬಿಳಿ.
"ಅದರಲ್ಲಿ ಎಲ್ಲ ಇದೆ, ಅಜ್ಜಿ."
ಮುದುಕಿ ಬಹಳ ಹೊತ್ತು ಆ ಬಿಳಿಯನ್ನೇ ನೋಡಿದಳು.
"ನನ್ನ ಕಣ್ಣಿಗೆ ಪೊರೆ. ಉಳಿದವರಿಗೆ ಕಾಣಿಸ್ತಿದೆಯಾ?"

ಹೆರ್ಮೋ, ನಮ್ಮ ಅಧ್ಯಕ್ಷ, ಕೆಮ್ಮಿದ.
ಕೆಟ್ಟವನಲ್ಲ. ದೊಡ್ಡ ಬಿರುಗಾಳಿಯ ವರ್ಷ
ತನ್ನ ಮನೆಯ ತಗಡು ಬಿಚ್ಚಿ ಶಾಲೆಗೆ ಹೊದಿಸಿದವನು.
ಪ್ರಾಂತ್ಯದವರು ಅವನಿಂದ ಕೇಳುವುದು ಒಪ್ಪಿಗೆಯನ್ನಲ್ಲ,
'ಆಕ್ಷೇಪವಿಲ್ಲ' ಎಂಬ ಒಂದೇ ಒಂದು ಹಾಳೆ.
ಹಾಗೆಂದರೆ ಬಾಗಿಲು ತೆರೆದೆವು ಎಂದಲ್ಲವಂತೆ,
ಚಿಲಕ ಹಾಕಿರಲಿಲ್ಲ ಎಂದಷ್ಟೇ.

ನನಗೂ ಕರೆಂಟು ಬೇಕು. ಮುಚ್ಚಿಡುವುದೇನು?
ಮಗಳ ಉಬ್ಬಸದ ಯಂತ್ರ ನಡುರಾತ್ರಿ ನಿಂತರೆ
ಬೀಸಣಿಗೆ ಹಿಡಿದು ಅವಳ ಉಸಿರೆಣಿಸುತ್ತ ಕೂರುತ್ತೇನೆ.
ಬೂದಿ ಬಂದರೆ ಈ ಉಸಿರಿನ ಗತಿಯೇನು ಎಂದು
ಅದೇ ಬೀಸಣಿಗೆ ಕೇಳುತ್ತದೆ.
ನನ್ನೊಳಗೂ ಸಭೆ ಸೇರುತ್ತದೆ;
ಕೋರಂ ಇಲ್ಲದೆ ಮುಂದೂಡಲಾಗುತ್ತದೆ.

ಕೊನೆಗೆ ಪನ್ಸಿತ್ ಹಂಚಿದರು:
ಬಿಸಿ ಶ್ಯಾವಿಗೆಯ ಎಲೆಪೊಟ್ಟಣ, ಮೇಲೊಂದು ಪುಟ್ಟ ಹಸಿರು ನಿಂಬೆ.
ತಗೊಂಡವರು ಸಹಿ ಹಾಕಿ, ಲೆಕ್ಕಕ್ಕೆ ಬೇಕು, ಅಂದರು.
ನೂರಾ ಎಂಬತ್ತೇಳು ಸಹಿ. ಹದಿನಾಲ್ಕು ಹೆಬ್ಬೆಟ್ಟು.
ನೆಸ್ತೋರಿಯೊ ಎರಡು ಪೊಟ್ಟಣ ಒಯ್ದ, ಎರಡು ಸಹಿ:
ಒಂದು ತನ್ನದು, ಒಂದು ದೋಣಿಯಲ್ಲೇ ಉಳಿದ ತಮ್ಮನದು.
ಲೋಲಾ ತ್ರಿನಿಂಗಳ ಹೆಬ್ಬೆಟ್ಟಿನಲ್ಲಿ
ಶಾಯಿಗಿಂತ ಉಪ್ಪು ಹೆಚ್ಚು.

ಶುಕ್ರವಾರ ಹೆರ್ಮೋ ಆ ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟ.
ತಲೆಬರಹದ ಜಾಗ ಖಾಲಿ.
"ಏನಾದರೂ ಹಾಕು," ಎಂದ, ಕಿಟಕಿಯಾಚೆ ನೋಡುತ್ತ.
ಆ 'ಏನಾದರೂ' ಏನೆಂದು ಕಂಪನಿಯ ಹುಡುಗ
ಪೆನ್ಸಿಲಿನಲ್ಲಿ ಆಗಲೇ ಗೀಚಿದ್ದ, ದುಂಡಗಿನ ಅಕ್ಷರ:
'ಸಮ್ಮತಿ ಸೂಚಿಸಿದ ನಿವಾಸಿಗಳು.'

ಟೈಪ್‌ರೈಟರಿಗೆ ಕರೆಂಟು ಬೇಕಿಲ್ಲ.
ಹಳೆಯದು; ಒಂದು ಅಕ್ಷರ ಸ್ವಲ್ಪ ಕುಂಟುತ್ತದೆ.
ಪೆನ್ಸಿಲ್ ಗೆರೆ ಒರೆಸಿದೆ. ಹಾಳೆ ಏರಿಸಿದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಒಂದು ವಾಕ್ಯಕ್ಕೆ ಕರ್ತೃವನ್ನು ವಾಪಸು ಕರೆದೆ:
'ಈ ಕೆಳಗಿನವರು ಒಂಬತ್ತನೇ ತಾರೀಕು ಪನ್ಸಿತ್ ತಿಂದರು.
ಬರೆದವಳು: ಫ್ಲೋರ್ದೆಲೀಸಾ ಕಬಹುಗ್.'

ಹೆರ್ಮೋ ಓದಿದ. ಮತ್ತೊಮ್ಮೆ ಓದಿದ.
ಮೊಹರಿನ ಮುಖಕ್ಕೆ ಬಾಯಿಂದ ಊದಿದ,
ಶಾಯಿ ಒಣಗಿದ್ದರೆ ಹಾಗೆ ಊದುವುದು ಅವನ ರೂಢಿ.
ಒತ್ತಿದ, ತುಸು ಓರೆಯಾಗಿ.
"ಮುಂದಿನ ಸಭೆಗೆ ಪನ್ಸಿತ್ ಬೇಡ."
"ಅದನ್ನೂ ಬರೀಲಾ?"
"ಬರಿ."
"ಯಾರು ಹೇಳಿದ್ದು ಅಂತ ಹಾಕಲಿ?"

ಬಾಗಿಲಲ್ಲಿ ನಿಂತಿದ್ದಾನೆ ಇನ್ನೂ,
ಬೆನ್ನು ನನ್ನ ಕಡೆ, ಕೈ ಚಿಲಕದ ಮೇಲೆ.